ಹಸಿರು ಡಬ್ಬಿ, ಕೆಂಪು ಡಬ್ಬಿ, ಮಕ್ತಲ್ ಫೈಸಲಾ

ನನ್ನ ಕಾಲದಲ್ಲಿ ಕಂಪ್ಯೂಟರ್ ರಿಪೇರಿಗೆ ಮೊದಲು ಬೇಕಾಗಿದ್ದದ್ದು ಮೂಗು. ಕೈ ಆಮೇಲೆ, ಬುದ್ಧಿ ಅದಕ್ಕೂ ಆಮೇಲೆ. ಪೆಟ್ಟಿಗೆಯ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿದರೆ ತಂತಿ ಸುಟ್ಟಿದೆಯೋ, ಧೂಳು ಕಾದಿದೆಯೋ, ಇಲಿ ಒಳಗೆ ಸಂಸಾರ ಹೂಡಿದೆಯೋ ತಿಳಿಯುತ್ತಿತ್ತು. ಈಗ ಈ ಕೆಲಸಕ್ಕೆ ಬರುತ್ತಿರುವ ನೀವು ಕೆಟ್ಟದ್ದನ್ನು ಕಿತ್ತು ಹೊಸದನ್ನು ಹಾಕಿ ಬಿಲ್ ಬರೆಯುತ್ತೀರಿ. ಮೂಗಿನ ಮಾತು ಕೇಳಿ ನಿಮಗೆ ನಗು ಬರಬಹುದು. ನಗಿ, ಬೇಡ ಅನ್ನುವುದಿಲ್ಲ. ರೇಡಿಯೊ ರಿಪೇರಿ ಕಲಿಸಿದ ನನ್ನ ಗುರುಗಳು ನಾಲಗೆ ಹಚ್ಚಿ ಬ್ಯಾಟರಿ ಪರೀಕ್ಷೆ ಮಾಡುವುದನ್ನು ನೋಡಿ ನಾನೂ ನಕ್ಕವನೇ.

ನನ್ನ ಹೆಸರು ಬಸವರಾಜ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರು ಊರಿಗೂ ಬಸಣ್ಣ. ನಾರಾಯಣಪೇಟೆಯ ಒಂದೇ ಅಂಗಡಿಯಲ್ಲಿ ದುಡಿದು ನಿವೃತ್ತನಾದೆ. ಮೊದಲು ರೇಡಿಯೊ, ಆಮೇಲೆ ಟೀವಿ, ಕೊನೆಗೆ ಕಂಪ್ಯೂಟರು. ಬಡ್ತಿ ಅಂತ ಸಿಕ್ಕಿದ್ದು ಸ್ಟೂಲಿನಿಂದ ಕುರ್ಚಿಗೆ ಒಮ್ಮೆ, ಆ ಕುರ್ಚಿ ಫ್ಯಾನಿನ ಕೆಳಗೆ ಬಂದದ್ದು ಇನ್ನೊಮ್ಮೆ. ಅದನ್ನು ಬರೆದರೆ ಯಾರು ಓದುತ್ತಾರೆ? ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಬರೆಯುತ್ತೇನೆ, ಅದನ್ನಾದರೂ ಓದುತ್ತೀರಿ. ಆದರೆ ಮೊದಲು ನಮ್ಮ ಮಾಲೀಕರ ತಕ್ಕಡಿಯ ಸಂಗತಿ ಹೇಳಬೇಕು.

ನಮ್ಮ ಮಾಲೀಕರು ಶಿವಲಿಂಗಪ್ಪ ಸಾವ್ಕಾರ್ರು. ಕಂಪ್ಯೂಟರ್ ಅಂಗಡಿ ಇಡುವ ಮುಂಚೆ ಅವರದು ಶೇಂಗಾ ವ್ಯಾಪಾರ. ಶೇಂಗಾ ಬಿಟ್ಟರು, ತಕ್ಕಡಿ ಬಿಡಲಿಲ್ಲ. ಅದು ಗಲ್ಲೆಯ ಪಕ್ಕದಲ್ಲೇ ತೂಗುತ್ತಿತ್ತು, ಪ್ರತಿ ಶುಕ್ರವಾರ ಅದಕ್ಕೆ ವಿಭೂತಿ, ಹೂವು. ಕಂಪ್ಯೂಟರಿನ ಒಳಗೆ ಏನಿದೆ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮಾಲು ಬಂದರೆ ತೂಗಿ ನೋಡುತ್ತಿದ್ದರು, ಅಷ್ಟೇ.

ಗ್ರಾಫಿಕ್ಸ್ ಕಾರ್ಡ್ ಅಂದರೆ, ತಿಳಿಯದವರಿಗಾಗಿ ಹೇಳುತ್ತೇನೆ, ಕಂಪ್ಯೂಟರಿನ ಒಳಗೆ ಚಿತ್ರದ ಕೆಲಸವನ್ನಷ್ಟೇ ನೋಡಿಕೊಳ್ಳುವ ಒಂದು ಹಲಗೆ. ಬಿಸಿ ಏರಿದರೆ ಓಟ ನಿಧಾನ ಆಗುತ್ತದೆ ಅಂತ ಅದಕ್ಕೆ ತನ್ನದೇ ಫ್ಯಾನು. ಅದನ್ನು ಮಾಡುವ ದೊಡ್ಡ ಕಂಪನಿಗಳು ಎರಡು, ಎರಡಕ್ಕೂ ಹಾವು ಮುಂಗುಸಿಯ ಸಂಬಂಧ. ಒಂದರ ಡಬ್ಬಿ ಹಸಿರು, ಇನ್ನೊಂದರದು ಕೆಂಪು. ಇಂಗ್ಲಿಷ್ ಹೆಸರು ನಾಲಗೆಗೆ ಹೊರಳುತ್ತಿರಲಿಲ್ಲ, ಹಾಗಾಗಿ ನಮ್ಮ ಕಡೆ ಹಸಿರು ಡಬ್ಬಿ, ಕೆಂಪು ಡಬ್ಬಿ ಎಂದೇ ಹೆಸರಾಯಿತು. ನಮ್ಮ ಅಂಗಡಿಗೆ ಯಾವುದರ ಏಜೆನ್ಸಿ ತೆಗೆದುಕೊಳ್ಳುವುದು ಎಂಬ ಪ್ರಶ್ನೆ ಬಂದಾಗ ನಾನು ಎರಡರ ಗುಣದೋಷಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ. ಸಾವ್ಕಾರ್ರು ಕಾಗದ ನೋಡಲೇ ಇಲ್ಲ. ಒಂದು ತಟ್ಟೆಗೆ ಹಸಿರಿನದು, ಇನ್ನೊಂದಕ್ಕೆ ಕೆಂಪಿನದು ಇಟ್ಟು ತಕ್ಕಡಿ ಎತ್ತಿದರು. ಹಸಿರು ಕೆಳಗಿಳಿಯಿತು.

"ತೂಕ ಇದ್ದದ್ರಾಗ ಮಾಲು ಐತಿ ಬಸಣ್ಣ. ಹಗುರ ಇದ್ದದ್ದು ಬರೇ ಡೌಲು," ಎಂದರು.

"ಸಾವ್ಕಾರ್ರ, ಅದು ತಗಡಿನ ತೂಕರಿ. ಬಿಸಿ ಎಳೀಲಿ ಅಂತ ತಗಡು ಜಾಸ್ತಿ ಹಾಕ್ಯಾರ."

"ತಗಡು ಪುಕ್ಕಟೆ ಬರ್ತೈತೇನು?"

ನಾನು ಕಾಗದ ಮಡಚಿ ಜೇಬಿಗಿಟ್ಟೆ. ನಾರಾಯಣಪೇಟೆ ಹಸಿರು ಊರಾದದ್ದು ಹೀಗೆ.

ಇನ್ನೊಂದು ಸಣ್ಣ ಪ್ರಸಂಗ ಹೇಳಿ ಮುಖ್ಯ ಮಾತಿಗೆ ಬರುತ್ತೇನೆ. ಗಟ್ಟು ಎಂಬ ಊರಿನಲ್ಲಿ ಪಹಣಿ, ಆದಾಯ ಪತ್ರದ ಅರ್ಜಿ ತುಂಬಿಕೊಡುವ ಅಂಗಡಿಯವನೊಬ್ಬ ನಮ್ಮಲ್ಲಿ ಹಸಿರು ಕಾರ್ಡ್ ಕೊಂಡ. ಅರ್ಜಿ ತುಂಬುವುದಕ್ಕೆ ಅದೇತಕ್ಕೆ ಎಂದರೆ, ಎದುರಿನ ಅಂಗಡಿಯವನು ಹಾಕಿಸಿದ್ದಾನೆ, ಅದಕ್ಕೆ. ವರ್ಷವಿಡೀ ಸಿಕ್ಕಲ್ಲೆಲ್ಲ ಹೊಗಳಿದ. "ಏನ್ ಚಲೋ ಕಾಣ್ತೈತ್ರಿ ಬಸಣ್ಣ, ಪಹಣಿ ಒಳಗಿನ ಹೊಲ ಸೈತ ಹಸಿರು ಕಾಣ್ತೈತಿ." ಒಮ್ಮೆ ಆ ಕಡೆ ಹೋದಾಗ ಪೆಟ್ಟಿಗೆಯ ಹಿಂದೆ ನೋಡಿದೆ. ಪರದೆಯ ತಂತಿ ಹಳೆಯ ತೂತಿನಲ್ಲೇ ಇದೆ. ಕಾರ್ಡ್ ಇಡೀ ವರ್ಷ ಒಳಗೆ ಕೈಕಟ್ಟಿ ಕೂತಿದೆ. ಸುಮ್ಮನೆ ತಂತಿ ತೆಗೆದು ಕಾರ್ಡಿಗೆ ಚುಚ್ಚಿ ಬಂದೆ. ಎಂಟು ದಿನಕ್ಕೆ ಅವನ ಫೋನು. "ಬಸಣ್ಣ, ಏನ್ ಮಾಡಿ ಹೋದ್ರಿ? ಮೊದಲಿನಂಗ ಇಲ್ರಿ." ನಾನು ಒಂದು ವಾರ ಈ ಕಥೆ ಎಲ್ಲರಿಗೂ ಹೇಳಿ ನಕ್ಕೆ. ಮನುಷ್ಯ ನಂಬಿದ್ದನ್ನೇ ಕಾಣುತ್ತಾನೆ ಎಂದು ಅವನ ಬಗ್ಗೆ ಭಾಷಣ ಬಿಗಿದೆ. ನನ್ನ ಸರದಿ ಬರುವುದಿತ್ತು.

ಗದ್ವಾಲ್‌ನಲ್ಲಿ ಕೆಂಪು ಡಬ್ಬಿಯ ಏಜೆನ್ಸಿ ಇದ್ದದ್ದು ಖಾಜಾಮಿಯಾ ಅವರದು. ನಾವಿಬ್ಬರೂ ಒಂದೇ ಗುರುವಿನ ಹತ್ತಿರ ಬೆಸುಗೆ ಕಲಿತವರು, ಅವರು ನನಗಿಂತ ಏಳೆಂಟು ವರ್ಷ ಚಿಕ್ಕವರು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಮೊಬೈಲ್ ಬಂದು ಕೈಗಡಿಯಾರ ಕಟ್ಟುವವರೇ ಇಲ್ಲವಾದಾಗ ಆ ಅಂಗಡಿ ಮುಚ್ಚಿ ಕಂಪ್ಯೂಟರಿಗೆ ಬಂದರು. ಕೈ ಮಾತ್ರ ಗಡಿಯಾರದ್ದೇ. ನಾನು ಸ್ಕ್ರೂ ತಿರುಗಿಸಿದರೆ ಪಕ್ಕದ ಅಂಗಡಿಗೆ ಕೇಳುತ್ತಿತ್ತು, ಅವರು ತಿರುಗಿಸಿದರೆ ಸ್ಕ್ರೂಗೂ ಗೊತ್ತಾಗುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಹಸಿರು ಕೆಂಪಿನ ಜಗಳ ಇದ್ದೇ ಇತ್ತು, ಚಹಾ ಮುಗಿದರೆ ಮುಗಿಯುವ ಜಗಳ.

ತೆಲುಗು ನಾಡು ಎರಡಾಗಿ ನಮ್ಮ ಕಡೆಗೆ ಹೊಸ ರಾಜ್ಯ ಬಂದು ಎರಡು ವರ್ಷ ಕಳೆದಿತ್ತು. ನಮ್ಮ ಕಸುಬಿಗೆ ಅದರಿಂದ ಆದ ದೊಡ್ಡ ಬದಲಾವಣೆ ಎಂದರೆ ಕರೆಂಟ್ ಹೋಗುವುದು ಕಡಿಮೆಯಾದದ್ದು. ಅದರ ಮುಂಚೆ ಮದುವೆಯ ವಿಡಿಯೊ ತಡವಾದರೆ ಸ್ಟುಡಿಯೊದವರು ಕರೆಂಟಿನ ಮೇಲೆ ಹಾಕುತ್ತಿದ್ದರು. ತುಂಡು ತುಂಡು ಚಿತ್ರಗಳನ್ನೆಲ್ಲ ಹೊಲಿದು ಒಂದೇ ಸಿನಿಮಾ ಮಾಡುವುದಕ್ಕೆ ಅವರು ರೆಂಡರ್ ಅನ್ನುತ್ತಾರೆ. ಅದು ಹಗಲೆಲ್ಲ ಓಡುತ್ತದೆ, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಈಗ ಕರೆಂಟ್ ಇದೆ, ನೆಪ ಹೋಯಿತು. ಮೂರು ಊರಿನ ಸ್ಟುಡಿಯೊದವರಿಗೂ ಜೋರಾಗಿ ಓಡುವ ಮೆಷಿನ್ ಬೇಕಾಯಿತು.

ಅಷ್ಟರಲ್ಲಿ ಸುದ್ದಿ ಹಬ್ಬಿತು, ಎರಡೂ ಕಂಪನಿಗಳು ಹೊಸ ತಲೆಮಾರಿನ ಕಾರ್ಡ್ ತರುತ್ತಿವೆ ಎಂದು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಇದ್ದ ಮಾಲು ಕೊಳ್ಳುವವನು ಕೈ ಹಿಂದಕ್ಕೆ ಎಳೆಯುತ್ತಾನೆ, ಹೊಸದು ಯಾವಾಗ ಬರುತ್ತದೆ ಎಂದು ಕಂಪನಿಯವನೂ ಹೇಳುವುದಿಲ್ಲ. ಎಲ್ಲರೂ ಬಂದು ನನ್ನನ್ನು ಕೇಳುವವರೇ. ಈಗ ತಗೊಳ್ಳೋದೋ, ಕಾಯೋದೋ? ಹಸಿರೋ, ಕೆಂಪೋ? ಆ ಕಾಲದಲ್ಲಿ ನನ್ನ ಮಾತಿಗೆ ಮೂರು ಊರಿನಲ್ಲಿ ಬೆಲೆ ಇತ್ತು. ನನಗೆ ಅದು ಗೊತ್ತಿತ್ತು, ಗೊತ್ತಿದ್ದದ್ದು ನಡಿಗೆಯಲ್ಲೂ ಕಾಣುತ್ತಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಮಕ್ತಲ್‌ನ ಸರಸಕ್ಕ ಕಾಯಲು ತಯಾರಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಅವರ ವಿಡಿಯೊ ಸ್ಟುಡಿಯೊ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆಯ ಚಪ್ಪರಕ್ಕೆ ಬಂದರೆ ಪುರೋಹಿತರೂ ಅವರನ್ನು ಕೇಳಿ ತಾಳಿ ಎತ್ತಿಕೊಡುತ್ತಿದ್ದರು.

"ಬಸಣ್ಣ, ನಂಗ ಹೊಸ ತಲೆಮಾರು ಬ್ಯಾಡ್ರಿ," ಎಂದರು. "ಕಾರ್ತೀಕದಾಗ ಸಾಲಾಗಿ ಮದುವಿ ಅದಾವ. ಹೊಸ ಕಾರ್ಡ್ ಬರೋತನಕ ತಡೀರಿ ಅಂದ್ರ ಮದುಮಗ ತಡೀತಾನೇನು? ಎರಡೂ ತಂದು ನನ್ನ ಕಣ್ಣ ಮುಂದ ಓಡಿಸ್ರಿ. ಯಾವ್ದು ಜಲ್ದಿ ಮುಗಿಸ್ತೈತಿ ಅದು ನಂದು."

ಮಕ್ತಲ್ ನಮಗೂ ಗದ್ವಾಲ್‌ಗೂ ನಡುವೆ. ಅಲ್ಲೇ ಪರೀಕ್ಷೆ ಎಂದಾಯಿತು. ಸರಸಕ್ಕ ಏನು ಕೊಳ್ಳುತ್ತಾರೋ ಅದನ್ನೇ ಕೊಳ್ಳಲು ಮಿಕ್ಕ ಏಳೆಂಟು ಸ್ಟುಡಿಯೊದವರು ಕಾದಿದ್ದರು, ಅವರೂ ಬರುತ್ತೇವೆಂದರು. ನಾನು ಖಾಜಾಮಿಯಾಗೆ ಫೋನ್ ಮಾಡಿ ಹೇಳಿದಾಗ ಅವರು ತಮ್ಮ ಕಷ್ಟ ಹೇಳಿಕೊಂಡರು.

"ಬಸಣ್ಣ, ಒಂದು ಮಾತು. ಹೊಸ ಮಾಲು ಬರೋದ್ರಾಗ ಹಳೇದು ಖಾಲಿ ಮಾಡ್ಲಿಲ್ಲಂದ್ರ ಏಜೆನ್ಸಿ ಕರ್ನೂಲಿನವ್ರಿಗೆ ಕೊಡ್ತೀವಿ ಅಂತ ಹೈದರಾಬಾದಿಂದ ಹೇಳ್ಯಾರ. ಗಡಿಯಾರ ಹೋತು, ಇದೂ ಹೋದ್ರ ಮೂರನೇ ಕಸುಬು ಕಲಿಯಾಕ ನಂಗ ವಯಸ್ಸಿಲ್ರಿ. ನೀವು ಇನ್ಸಾಫ್ ಮಾಡ್ರಿ, ನ್ಯಾಯ ಹೇಳ್ರಿ, ಅಷ್ಟು ಸಾಕು."

"ಗಡಿಯಾರ ನೋಡಿ ಹೇಳ್ತೀನ್ರಿ ಖಾಜಾಮಿಯಾ. ಗಡಿಯಾರಕ್ಕ ಹಸಿರಿಲ್ಲ, ಕೆಂಪಿಲ್ಲ," ಎಂದೆ. ಬಹಳ ಚೆನ್ನಾಗಿ ಹೇಳಿದೆ ಅನ್ನಿಸಿತು.

ಪರೀಕ್ಷೆ ಇಟ್ಟದ್ದು ದಸರಾದ ಮರುದಿನ. ಅದು ಗದ್ವಾಲ್ ಜಿಲ್ಲೆಯಾದ ದಸರಾ. ನಮ್ಮ ನಾರಾಯಣಪೇಟೆಗೆ ಆ ಸಲ ಜಿಲ್ಲೆ ಸಿಗಲಿಲ್ಲ, ನಾವು ಇನ್ನಷ್ಟು ಕಾಲ ಕಾಯಬೇಕಾಯಿತು. ಒಳಗೊಳಗೇ ಎಲ್ಲರಿಗೂ ಉರಿ. ನನಗೂ ಇತ್ತು. ಈ ಮಾತನ್ನು ಈಗ ಬರೆಯುತ್ತಿದ್ದೇನೆ, ಆಗ ಕೇಳಿದ್ದರೆ ಇಲ್ಲ ಅಂದುಬಿಡುತ್ತಿದ್ದೆ.

ಆ ಬೆಳಗ್ಗೆ ಸರಸಕ್ಕನ ಸ್ಟುಡಿಯೊದಲ್ಲಿ ಜಾಗವಿಲ್ಲದಷ್ಟು ಮಂದಿ. ಮಲ್ದಕಲ್ ಗುಡಿಯಲ್ಲಿ ಆದ ಒಂದು ಮದುವೆಯ ವಿಡಿಯೊ ಪರೀಕ್ಷೆಗೆ. ಅದೇ ಮದುವೆ, ಅದೇ ಪೆಟ್ಟಿಗೆ, ಕಾರ್ಡ್ ಮಾತ್ರ ಬೇರೆ. ಖಾಜಾಮಿಯಾ ಇನ್ನೂ ಬಂದಿರಲಿಲ್ಲ. ಜಿಲ್ಲೆಯ ಸಡಗರದಲ್ಲಿ ಬಸ್ಸಿಗೆ ನೂಕುನುಗ್ಗಲು ಎಂದು ಫೋನ್ ಬಂತು. ಸರಿ, ಹಸಿರು ಮೊದಲು ಓಡಲಿ ಎಂದು ಅದನ್ನು ಕೂರಿಸಿ ಮುಚ್ಚಳ ಹಾಕಿ ಶುರು ಮಾಡಿದೆ. ಸರಸಕ್ಕ ಮಿರ್ಚಿ ಬಜ್ಜಿ ತರಿಸಿದರು. ಬಜ್ಜಿಯ ತಟ್ಟೆ ಖಾಲಿಯಾಗುವುದಕ್ಕೂ ಮದುವೆ ಮುಗಿಯುವುದಕ್ಕೂ ಸರಿಹೋಯಿತು. ಎಲ್ಲರೂ ತಲೆ ಆಡಿಸಿದರು.

ಆಗ ಖಾಜಾಮಿಯಾ ಬಂದರು. ಬೆವರು ಒರೆಸಿಕೊಳ್ಳುವ ಮುಂಚೆಯೇ ಜೇಬಿನಿಂದ ಬನ್ನಿಯ ಎಲೆ ತೆಗೆದರು. ನಾವು ಬನ್ನಿ ಅನ್ನುತ್ತೇವೆ, ತೆಲುಗಿನವರು ಜಮ್ಮಿ. ದಸರಾಕ್ಕೆ ಅದನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವುದು, ಚಿಕ್ಕವರು ಕೊಟ್ಟರೆ ದೊಡ್ಡವರು ತಿರುಗಿ ಕೊಡುವುದು. ಖಾಜಾಮಿಯಾ ಒಂದು ದಸರಾವನ್ನೂ ಬಿಟ್ಟವರಲ್ಲ. ಸಣ್ಣ ಕಡ್ಡಿಯ ಸಮೇತ ಎಲೆ ನನ್ನ ಕೈಗಿಟ್ಟು, "ಬನ್ನಿ ತಗೊಳ್ರಿ ಬಸಣ್ಣ, ಬಂಗಾರದಂಗ ಇರೋಣ," ಎಂದರು.

ನನ್ನ ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್. ಎದುರಿಗೆ ಮೂರು ಊರಿನ ಮಂದಿ. "ತಗೊಂಡೆ ತಗೊಂಡೆ. ನಂದು ಆಮ್ಯಾಲೆ ಕೊಡ್ತೀನ್ರಿ, ಮೊದಲು ನಿಮ್ಮ ಕೆಂಪವ್ವನ್ನ ಕೊಡ್ರಿ," ಎಂದು ಎಲೆಯನ್ನು ಅಂಗಿಯ ಮೇಲಿನ ಜೇಬಿಗೆ ತುರುಕಿದೆ. ಎಲ್ಲರೂ ನಕ್ಕರು.

ಕೆಂಪು ಕಾರ್ಡನ್ನು ಫ್ಯಾನು ಮೇಲೆ ಮಾಡಿ ಮೇಜಿನ ಮೇಲಿಟ್ಟೆ. ಕಾರ್ಡಿನ ಅಂಚಿನಲ್ಲಿ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ, ಕೂರಿಸುವ ಮುಂಚೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದನ್ನು ಉಜ್ಜಬೇಕು. ಅದಕ್ಕೆ ಬಗ್ಗಬೇಕು. ಬಗ್ಗಿದೆ, ಉಜ್ಜಿದೆ, ಉಜ್ಜುತ್ತಾ ಗಟ್ಟಿನ ಗಿರಾಕಿಯ ಕಥೆ ಹೇಳಿದೆ, ಮಂದಿ ಹೊಟ್ಟೆ ಹಿಡಿದು ನಕ್ಕರು. ಕಾರ್ಡನ್ನು ಪೆಟ್ಟಿಗೆಗೆ ಕೂರಿಸಿ ಮುಚ್ಚಳ ಹಾಕಿದೆ. ಕೂರಿಸಿದ ಮೇಲೆ ಅದರ ಫ್ಯಾನು ನೆಲ ನೋಡುತ್ತದೆ, ತಿರುಗುತ್ತಿದೆಯೋ ಇಲ್ಲವೋ ಬಗ್ಗಿ ನೋಡಿದವರಿಗೇ ಗೊತ್ತು.

ಬಜ್ಜಿಯ ಎರಡನೇ ತಟ್ಟೆ ಬಂತು, ಮುಗಿಯಿತು. ಚಹಾ ಬಂತು, ಮುಗಿಯಿತು. ಪರದೆಯ ಮೇಲೆ ಮದುಮಗಳು ಇನ್ನೂ ಅರಿಶಿನದ ಶಾಸ್ತ್ರದಲ್ಲೇ ಕೂತಿದ್ದಾಳೆ. ಊಟದ ಹೊತ್ತಾಯಿತು. ಊಟ ಮಾಡಿ ಬಂದೆವು, ಮದುಮಗ ಆಗ ತಾನೇ ಕುದುರೆ ಇಳಿಯುತ್ತಿದ್ದಾನೆ. ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತದೆ. ನನ್ನ ಮೂಗಿಗೆ ಏನೋ ವಾಸನೆ ಬಂತು ಕೂಡ, ಹಸಿ ಎಲೆ ಬಾಡಿದಂಥ ವಾಸನೆ. ಹಬ್ಬದ ಮನೆ, ತೋರಣ ಕಟ್ಟಿದ್ದಾರೆ, ಅದರದ್ದೇ ಅಂದುಕೊಂಡೆ.

ಇಲ್ಲಿ ನಿಲ್ಲಿ. ಇಷ್ಟು ಬರೆದದ್ದು ಈ ಮಾತಿಗಾಗಿಯೇ. ಹಸಿರು ಕಾರ್ಡ್ ಹೀಗೆ ತೆವಳಿದ್ದರೆ ನಾನು ಆ ಕ್ಷಣವೇ ಮುಚ್ಚಳ ತೆಗೆದು ಏನಾಗಿದೆ ಎಂದು ನೋಡುತ್ತಿದ್ದೆ. ತೆವಳಿದ್ದು ಕೆಂಪು, ಅದಕ್ಕೆ ತೆಗೆಯಲಿಲ್ಲ. ಗದ್ವಾಲ್‌ಗೆ ಜಿಲ್ಲೆ ಸಿಕ್ಕರೇನು, ಕಾರ್ಡ್ ಓಡಲಿಲ್ಲವಲ್ಲ ಎಂದು ಒಳಗೊಂದು ಖುಷಿ ಆಗಿತ್ತು. ನಲವತ್ತು ವರ್ಷದ ಅನುಭವ ಆ ಖುಷಿಯ ಕೆಳಗೆ ಮುಚ್ಚಿಹೋಯಿತು.

ಎದ್ದು ನಿಂತು ತೀರ್ಪು, ನಮ್ಮ ಕಡೆಯ ಮಾತಿನಲ್ಲಿ ಫೈಸಲಾ, ಹೇಳಿದೆ. "ನೋಡ್ರಿ, ಇದರ ಮ್ಯಾಲೆ ಮದುವಿ ವಿಡಿಯೊ ಆಗೂದಿಲ್ಲ, ಮದುವಿ ಊಟಕ್ಕ ರೊಟ್ಟಿ ಬೇಯಿಸಬಹುದು. ಎಲ್ಲಾರೂ ಹಸಿರ ತಗೊಳ್ರಿ."

ಆ ದಿನ ಸಂಜೆಯೊಳಗೆ ರೊಟ್ಟಿಯ ಮಾತು ಮೂರು ಊರು ಮುಟ್ಟಿತು. ಖಾಜಾಮಿಯಾ ಏನೂ ವಾದಿಸಲಿಲ್ಲ. ಕಾರ್ಡನ್ನು ತಣ್ಣಗಾಗಲು ಬಿಟ್ಟು, ಕಿತ್ತು ಡಬ್ಬಿಗೆ ಹಾಕಿಕೊಂಡು, "ನೀವು ಹೇಳಿದ ಮ್ಯಾಲೆ ಮುಗೀತು ಬಸಣ್ಣ," ಎಂದು ಬಸ್ಸಿಗೆ ಹೋದರು. ಸರಸಕ್ಕ ಹಸಿರು ಕೊಂಡರು, ಅವರನ್ನು ನೋಡಿ ಇನ್ನೂ ಐದು ಜನ ಕೊಂಡರು. ಸಾವ್ಕಾರ್ರು ತಕ್ಕಡಿಗೆ ಶುಕ್ರವಾರವಲ್ಲದಿದ್ದರೂ ಹೂವು ಏರಿಸಿದರು.

ಮೂರು ವಾರ ಕಳೆಯಿತು. ಹೊಸ ಜಿಲ್ಲೆಯೆಂದ ಮೇಲೆ ಹೊಸ ಕಚೇರಿ, ಹೊಸ ಕಚೇರಿಗೆ ಹೊಸ ಕಂಪ್ಯೂಟರು. ಅವನ್ನು ಜೋಡಿಸಿಕೊಡಲು ಸಾವ್ಕಾರ್ರು ನನ್ನನ್ನು ಗದ್ವಾಲ್‌ಗೆ ಕಳಿಸಿದರು. ಕೆಲಸ ಮುಗಿಸಿ ಎಂದಿನಂತೆ ಚಹಾಕ್ಕೆ ಖಾಜಾಮಿಯಾ ಅವರ ಅಂಗಡಿಗೆ ಹೋದೆ. ಗೋಡೆಯ ತುಂಬಾ ಕೆಂಪು ಡಬ್ಬಿಗಳು, ಒಂದೂ ಅಲುಗಿಲ್ಲ. ಮೂಲೆಯ ಮೇಜಿನ ಮೇಲೆ ಅವರ ಹಳೆಯ ಗಡಿಯಾರದ ಸಾಮಾನು, ಚಿಮುಟ, ಭೂತಗನ್ನಡಿ. ಒರೆಸಿ ಹರವಿಟ್ಟಿದ್ದಾರೆ. ನಾನು ಚಿಮುಟ ಎತ್ತಿ ನೋಡಿದೆ.

"ಇದೇನ್ರಿ?" ಎಂದೆ.

"ಸುಮ್ಮನ. ಕೈ ಇನ್ನೂ ನಡೀತೈತೇನು ನೋಡಾಕತ್ತಿದ್ದೆ."

ಚಹಾ ಬಂತು. ನಗಿಸೋಣ ಎಂದು, "ಎಲ್ರಿ ಆ ನಿಮ್ಮ ರೊಟ್ಟಿ ಹೆಂಚು, ತೋರಿಸ್ರಿ, ಏನಾಗೈತಿ ನೋಡೋಣ," ಎಂದೆ. ಬೇಡ ಬಿಡ್ರಿ ಎಂದರು. ನಾನು ಬಿಡದೆ ಶೆಲ್ಫಿನಿಂದ ಡಬ್ಬಿ ಇಳಿಸಿ ತೆಗೆದೆ. ಫ್ಯಾನಿನ ರೆಕ್ಕೆಗೂ ಚೌಕಟ್ಟಿಗೂ ನಡುವೆ ಬನ್ನಿಯ ಕಡ್ಡಿ ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿದೆ. ಎಲೆ ಬಾಡಿ ಕಂದಾಗಿದೆ. ನನ್ನ ಕೈ ತಾನಾಗಿ ಅಂಗಿಯ ಮೇಲಿನ ಜೇಬಿಗೆ ಹೋಯಿತು.

"ಇದು ಯಾವಾಗ ನೋಡಿದ್ರಿ?"

"ಆ ದಿನಾನ. ಬಸ್ಸಿನಾಗ ಕುಂತು ಡಬ್ಬಿ ತೆಗೆದೆ, ಕಂಡ್ತು."

"ಮತ್ತ ಯಾಕ ಹೇಳ್ಲಿಲ್ಲ ಮಾರಾಯರ?"

ಖಾಜಾಮಿಯಾ ಚಹಾದ ಬಸಿಯನ್ನು ಕೆಳಗಿಟ್ಟರು. "ನಾ ಹೇಳಿದ್ರ ಸೋತಾವ ನೆಪ ತೆಗೀತಾನ ಅಂತಾರ. ಮತ್ತ ಆ ಎಲಿ ಕೊಟ್ಟಾವ ನಾನ. ಬಂಗಾರ ಅಂತ ಕೊಟ್ಟು, ನಿಮ್ಮ ಜೇಬಿನಾಗಿಂದ ಬಿದ್ದು ನನ್ನ ಮಾಲು ಕೆಡಿಸ್ತು ಅಂತ ಯಾವ ಬಾಯಿಲೆ ಹೇಳ್ಲಿ? ನೀವು ಇನ್ನು ನಾಲ್ಕು ತಿಂಗಳಿಗೆ ರಿಟೈರ್ ಆಗೋರು. ಬಸಣ್ಣನ ಫೈಸಲಾ ಸುಳ್ಳಾತು ಅಂತ ನನ್ನ ಬಾಯಿಂದ ಬರೋದು ಬ್ಯಾಡ ಅನಿಸ್ತು."

ನಾಚಿಕೆಯಾಯಿತು. ಇದಕ್ಕಿಂತ ಬೇರೆ ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಡ್ಡಿಯನ್ನು ಅವರ ಚಿಮುಟದಿಂದಲೇ ಮೆಲ್ಲಗೆ ಬಿಡಿಸಿ, ಕಾಗದದಲ್ಲಿ ಮಡಚಿಕೊಂಡು ಬಸ್ ಹತ್ತಿದೆ. ಜುರಾಲ ಅಣೆಕಟ್ಟು ದಾಟುವಾಗ ಪಕ್ಕದವನು ರೊಟ್ಟಿ ಹೆಂಚಿನ ಕಥೆಯನ್ನು ನನಗೇ ಹೇಳಿದ, ನಾನು ಯಾರೆಂದು ತಿಳಿಯದೆ.

ಮರುದಿನ ಸಾವ್ಕಾರ್ರಿಗೆ ಹೇಳಿದೆ. ಅವರು ಎಲೆಯನ್ನು ತೆಗೆದುಕೊಂಡು, ನೀವು ಊಹಿಸಿದಂತೆಯೇ, ತಕ್ಕಡಿಗೆ ಹಾಕಿದರು. ತಟ್ಟೆ ಅಲುಗಲಿಲ್ಲ.

"ನೋಡು, ತೂಕನ ಇಲ್ಲ. ಇಂಥಾದ್ದನ್ನ ತಗೊಂಡು ಮಂದಿ ಮುಂದ ಹೋಗ್ತೀಯೇನು? ಐದಾರು ಮಂದಿ ಮಾಲು ಒಯ್ದಾರ. ಎಲ್ಲಾರೂ ಖುಷಿ ಅದಾರ. ಸುಮ್ಮನಿರು."

"ಒಬ್ರು ಖುಷಿ ಇಲ್ರಿ ಸಾವ್ಕಾರ್ರ. ಗಡಿಯಾರದ ಸಾಮಾನು ಹೊರಗ ತೆಗದು ಒರಸಾಕತ್ಯಾರ."

ಸಾವ್ಕಾರ್ರು ತಕ್ಕಡಿಯನ್ನೇ ನೋಡುತ್ತಾ ಕೂತರು. ಶೇಂಗಾ ವ್ಯಾಪಾರ ಬಿಟ್ಟ ದಿನದ ನೆನಪು ಬಂತೋ ಏನೋ, ನನಗೆ ಗೊತ್ತಿಲ್ಲ. ಎಲೆಯನ್ನು ತಟ್ಟೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು.

"ಹೋಗು. ಆದ್ರ ಅಂಗಡಿ ಹೆಸರು ತರಬ್ಯಾಡ. ತಪ್ಪು ನಿಂದು."

"ನಂದೇರಿ," ಎಂದೆ.

ಮತ್ತೆ ಸರಸಕ್ಕನ ಸ್ಟುಡಿಯೊ. ಮತ್ತೆ ಅದೇ ಮಂದಿ, ಮತ್ತೆ ಬಜ್ಜಿ. ಖಾಜಾಮಿಯಾ ಬರುವುದಿಲ್ಲ ಎಂದಿದ್ದರು, ನಾನೇ ಗದ್ವಾಲ್‌ಗೆ ಹೋಗಿ ಕರೆದುಕೊಂಡು ಬಂದೆ. ಎಲ್ಲರ ಮುಂದೆ ಕಾಗದ ಬಿಚ್ಚಿ ಎಲೆ ತೋರಿಸಿದೆ. ಎಲ್ಲಿಂದ ಬಿತ್ತು, ಹೇಗೆ ಬಿತ್ತು, ಮುಚ್ಚಳ ಯಾಕೆ ತೆಗೆಯಲಿಲ್ಲ, ಎಲ್ಲ ಹೇಳಿದೆ. ಜಿಲ್ಲೆಯ ಉರಿಯನ್ನೂ ಹೇಳಿದೆ. ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ಕೊನೆಗೆ ಸರಸಕ್ಕ ಬಾಯಿ ತೆರೆದರು.

"ಅದೆಲ್ಲ ಇರ್ಲಿ. ಈಗ ಜೇಬಿನಾಗ ಏನದಾವ ತೋರಿಸ್ರಿ."

ಕರವಸ್ತ್ರ, ಬಸ್ ಟಿಕೆಟು, ಒಂದು ಸಣ್ಣ ಸ್ಕ್ರೂ, ಅಡಿಕೆ ಚೂರು ಹೊರಬಂದವು. ಸರಸಕ್ಕ ಅವನ್ನು ಒಂದೊಂದಾಗಿ ನೋಡಿ, "ಇದು ಜೇಬಲ್ರಿ, ಸಂತಿ. ಅಂಗೀನ ತೆಗೀರಿ," ಎಂದರು.

ಹೀಗೆ ಮೂರು ಊರಿನ ಮಂದಿಯ ಎದುರು, ನಿವೃತ್ತಿಗೆ ನಾಲ್ಕು ತಿಂಗಳಿರುವಾಗ, ತೂತು ಬಿದ್ದ ಬನಿಯನ್ನಿನಲ್ಲಿ ನಿಂತು ನಾನು ಎರಡು ಕಾರ್ಡುಗಳನ್ನು ಪರೀಕ್ಷೆ ಮಾಡಿದೆ. ಈ ಸಲ ಮುಚ್ಚಳ ಹಾಕಲಿಲ್ಲ. ನೆಲದ ಮೇಲೆ ಕನ್ನಡಿ ಇಟ್ಟು, ಫ್ಯಾನು ತಿರುಗುವುದನ್ನು ಎಲ್ಲರೂ ಸರದಿಯಲ್ಲಿ ಬಗ್ಗಿ ನೋಡಿದರು. ಹಸಿರು ಬಜ್ಜಿ ಮುಗಿಯುವಷ್ಟರಲ್ಲಿ ಮುಗಿಸಿತು. ಕೆಂಪು, ಬಜ್ಜಿ ಮುಗಿದು ಕೈ ತೊಳೆದು ಬರುವಷ್ಟರಲ್ಲಿ ಮುಗಿಸಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇಷ್ಟಾನ?" ಎಂದರು ಸರಸಕ್ಕ. "ಕೈ ತೊಳಕೊಳ್ಳೋ ಫರಕು? ಇದಕ್ಕ ಎರಡು ಸಲ ಮೂರು ಊರು ಕೂಡಿಸಿದ್ರೇನು? ಖಾಜಾಮಿಯಾ, ನಿಮ್ದು ಬೆಲೆನೂ ಕಡಿಮಿ ಐತಲ್ರಿ. ನನ್ನ ಎರಡನೇ ಮೆಷಿನ್ನಿಗೆ ಇದ ಇರ್ಲಿ, ಇಲ್ಲೇ ಬಿಟ್ಟು ಹೋಗ್ರಿ."

ಇನ್ನೂ ಕೊಳ್ಳದೇ ಇದ್ದ ಇಬ್ಬರು ತಮಗೂ ಕೆಂಪೇ ಬೇಕೆಂದರು. ಆಮೇಲೆ ಗದ್ವಾಲ್ ಕಡೆಯ ಸ್ಟುಡಿಯೊದವರು, ಅವರನ್ನು ನೋಡಿ ಗಟ್ಟಿನವನು ಕೂಡ. ಸಂಕ್ರಾಂತಿಯ ಹೊತ್ತಿಗೆ ಖಾಜಾಮಿಯಾ ಅವರ ಗೋಡೆ ಖಾಲಿಯಾಗಿತ್ತು, ಏಜೆನ್ಸಿ ಅವರಲ್ಲೇ ಉಳಿಯಿತು. ಆಮೇಲೆ ಹೊಸ ತಲೆಮಾರು ಬಂತು, ಅವೆರಡನ್ನೂ ಪಕ್ಕಕ್ಕೆ ತಳ್ಳಿತು, ಈಗ ಆ ಕಾರ್ಡುಗಳನ್ನು ಕೇಳುವವರೂ ಇಲ್ಲ. ನೀವು ಇವತ್ತು ಯಾವುದಕ್ಕಾಗಿ ಹೊಡೆದಾಡುತ್ತಿದ್ದೀರೋ ಅದರದ್ದೂ ಅದೇ ಗತಿ. ಹೋಲಿಸಿ, ಚೆನ್ನಾಗಿ ಹೋಲಿಸಿ. ಆದರೆ ನಿಮಗೆ ಬೇಕಾದ ಕಾರ್ಡ್ ಗೆದ್ದಾಗ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿ. ಸೋತಾಗ ನೀವು ಹೇಗೂ ನೋಡುತ್ತೀರಿ.

ಆ ದಿನದ ಕೊನೆಯ ಮಾತು ಉಳಿದಿದೆ. ಅಂಗಿ ತೊಟ್ಟುಕೊಂಡು ಗುಂಡಿ ಹಾಕುತ್ತಿರುವಾಗ ಮೇಜಿನ ಮೇಲೆ ಆ ಎಲೆ ಕಂಡಿತು. ದಸರಾ ಕಳೆದು ತಿಂಗಳಾಗಿದೆ. ಅವತ್ತು ಖಾಜಾಮಿಯಾ ಕೊಟ್ಟರು, ಆಮೇಲೆ ಕೊಡುತ್ತೇನೆ ಎಂದವನು ನಾನು ತಿರುಗಿ ಕೊಟ್ಟೇ ಇರಲಿಲ್ಲ. ಒಣಗಿ ಅರ್ಧ ಉದುರಿದ್ದ ಆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತೆ.

"ಬನ್ನಿ ತಗೊಳ್ರಿ ಖಾಜಾಮಿಯಾ. ಬಂಗಾರದಂಗ ಇರೋಣ."

ಅವರೂ ಎರಡೂ ಕೈ ಮುಂದೆ ಚಾಚಿದರು. ಕಣ್ಣಲ್ಲಿ ನೀರು ಬಂದಿತ್ತು, ನನ್ನದರಲ್ಲೂ ಬಂದಿತ್ತು. "ತಡ ಆತು ಬಸಣ್ಣ," ಎಂದು ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಜೋಪಾನವಾಗಿ ತಮ್ಮ ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡು, ತಮ್ಮ ಕಾರ್ಡ್ ಸರಿಯಾಗಿ ಕೂತಿದೆಯೋ ಎಂದು ನೋಡಲು ತೆರೆದ ಪೆಟ್ಟಿಗೆಯ ಕಡೆ ಹೊರಟರು.

"ಏ ಖಾಜಾಮಿಯಾ," ಎಂದರು ಹಿಂದಿನಿಂದ ಸರಸಕ್ಕ, "ಅಲ್ಲೇ ನಿಲ್ರಿ, ಬಗ್ಗಬ್ಯಾಡ್ರಿ."